ಕೇಳದೆ ಕಡಿಯಕೂಡದೆಂಬ ಕಾಯಿದೆ

1980ನೆಯ ಇಸವಿಯ ಅಕ್ಟೋಬರ್ ತಿಂಗಳ 25ನೆಯ ದಿನ ರಾಷ್ಟ್ರಪತಿ ನೀಲಂ ಸಂಜೀವರೆಡ್ಡಿಯವರ ಅಂಕಿತವನ್ನು ಪಡೆದು ಹೊರಟ ಸುಗ್ರೀವಾಜ್ಞೆಯೊಂದು, ಎರಡು ತಿಂಗಳ ತರುವಾಯ ಸಂಸತ್ತಿನ ಸಮ್ಮತಿಯನ್ನೂ ಗಳಿಸಿ, ಅರಣ್ಯ ಸಂರಕ್ಷಣಾ ಕಾಯಿದೆಯೆಂಬ ಹೆಸರಿನಿಂದ ಈ ದೇಶದ ಶಾಸನಗಳ ಸಾಲಿನಲ್ಲಿ ನೆಲೆಗೊಂಡಿತು. ಆ ಕಾಯಿದೆಯಲ್ಲಿದ್ದುದು ಐದೇ ಪ್ರಕರಣಗಳು; ಒಂದೇ ಉಸಿರಿನಲ್ಲಿ ಓದಿ ಮುಗಿಸಬಹುದಾದಷ್ಟು ಕಿರಿದು. ಅದರ ಎರಡನೆಯ ಪ್ರಕರಣದ ತಾತ್ಪರ್ಯವೂ ಸರಳವಾದದ್ದೇ: ಯಾವ ರಾಜ್ಯ ಸರ್ಕಾರವೇ ಆಗಲಿ, ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಮೀಸಲು ಅರಣ್ಯವನ್ನು ಮೀಸಲಿನಿಂದ ಬಿಡಿಸಕೂಡದು, ಅರಣ್ಯಭೂಮಿಯನ್ನು ಅರಣ್ಯೇತರ ಕಾರ್ಯಕ್ಕೆ ವಿನಿಯೋಗಿಸಕೂಡದು. ಕಾಡನ್ನು ಕಡಿಯಲೇಬಾರದೆಂದು ಅದು ಎಲ್ಲಿಯೂ ವಿಧಿಸಲಿಲ್ಲ. ಕಡಿಯುವ ಮುನ್ನ ಕೇಳಬೇಕು, ಕೇಳುವವರು ಕಾರಣವನ್ನು ಹೇಳಬೇಕು, ಹೇಳಿದ ಕಾರಣವನ್ನು ಬೇರೊಬ್ಬರು ತೂಗಿ ನೋಡಬೇಕು ಎಂಬಿಷ್ಟೇ ಅದರ ಆಶಯ. ಇಷ್ಟು ಮಿತವಾದ ಈ ಬೇಡಿಕೆಯು ಅಭಿವೃದ್ಧಿಗೆ ಅಡ್ಡಿಯೆಂಬ ಅಪವಾದವನ್ನು ಹೊತ್ತು, ಕೊನೆಗೆ 2023ರಲ್ಲಿ ಅದೇ ಸಂಸತ್ತಿನ ಕೈಯಿಂದಲೇ ಸಡಿಲಗೊಂಡ ಬಗೆಯನ್ನೂ, ಆ ಸಡಿಲಿಕೆಯನ್ನು ಎದುರಿಸಿ ನಿಂತವರ ವೃತ್ತಾಂತವನ್ನೂ ಇಲ್ಲಿ ನಿರೂಪಿಸಲು ಹೊರಟಿದ್ದೇನೆ.

ಆ ಕಾಯಿದೆ ಹುಟ್ಟುವುದಕ್ಕೆ ಮುಂಚಿನ ಸ್ಥಿತಿಯನ್ನು ಬಲ್ಲವರಿಗೆ ಅದರ ಬೆಲೆ ತಾನಾಗಿ ತಿಳಿಯುತ್ತದೆ. ಬ್ರಿಟಿಷರು 1878ರಲ್ಲಿಯೂ 1927ರಲ್ಲಿಯೂ ಮಾಡಿದ ಅರಣ್ಯ ಶಾಸನಗಳು ಕಾಡಿನ ಒಡೆತನವನ್ನು ಸರ್ಕಾರದ ಕೈಗೆ ತಂದವೇ ಹೊರತು ಕಾಡನ್ನು ಕಾಡಾಗಿಯೇ ಉಳಿಸಬೇಕೆಂಬ ಸಂಕಲ್ಪದಿಂದ ಹುಟ್ಟಿದವಲ್ಲ. ಅವುಗಳ ದೃಷ್ಟಿ ಮರಮುಟ್ಟಿನ ಮೇಲೆಯೂ ಅದರಿಂದ ಬರುವ ಆದಾಯದ ಮೇಲೆಯೂ ಇದ್ದಿತು. ಸ್ವಾತಂತ್ರ್ಯಾನಂತರ ರಚಿತವಾದ ಸಂವಿಧಾನವು ಅರಣ್ಯವನ್ನು ರಾಜ್ಯಗಳ ಪಟ್ಟಿಗೆ ಸೇರಿಸಿದುದರಿಂದ, ಒಂದೊಂದು ರಾಜ್ಯವೂ ತನ್ನ ಕಾಡನ್ನು ತನ್ನ ಇಚ್ಛಾನುಸಾರವಾಗಿ ಬೇಸಾಯಕ್ಕೋ ಅಣೆಕಟ್ಟಿಗೋ ಗಣಿಗೋ ಕೊಡುತ್ತ ಬಂದಿತು. ನಮ್ಮ ನಾಡಿನಲ್ಲಿಯೇ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟಾದಾಗಲೂ ಕಾಳಿಗೆ ಸೂಪಾದಲ್ಲಿ ಅಣೆಕಟ್ಟನ್ನು ತೊಡಗಿದಾಗಲೂ ಮುಳುಗಡೆಯಾಗುವ ಕಾಡಿನ ಪರವಾಗಿ ಒಂದು ಮಾತನ್ನಾದರೂ ಕೇಳಿಯೇ ತೀರಬೇಕೆಂಬ ನಿರ್ಬಂಧವನ್ನು ಯಾವ ಕಾಯಿದೆಯೂ ಹೇರಿರಲಿಲ್ಲ. ಆ ಯೋಜನೆಗಳಿಂದ ನಾಡಿಗೆ ಬೆಳಕು ಬಂದುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತೆತ್ತ ಬೆಲೆಯನ್ನು ಲೆಕ್ಕ ಹಾಕಲೇಬೇಕೆಂಬ ನಿಯಮವಿರಲಿಲ್ಲವೆಂಬುದೂ ಅಷ್ಟೇ ಸತ್ಯ. ಸರ್ಕಾರವೇ ಅನಂತರ ಒಪ್ಪಿಕೊಂಡ ಅಂದಾಜಿನಂತೆ, 1980ಕ್ಕೆ ಹಿಂದಿನ ಮೂರು ದಶಕಗಳಲ್ಲಿ ವರ್ಷವೊಂದಕ್ಕೆ ಸರಾಸರಿ 1.5 ಲಕ್ಷ ಹೆಕ್ಟೇರಿನಷ್ಟು ಅರಣ್ಯಭೂಮಿ ಅನ್ಯ ಕಾರ್ಯಗಳ ಪಾಲಾಗುತ್ತಿದ್ದಿತು.

ಕಾಲವು ಮೆಲ್ಲಮೆಲ್ಲನೆ ತಿರುಗಿತು. 1976ರ ನಲವತ್ತೆರಡನೆಯ ತಿದ್ದುಪಡಿಯು ಅರಣ್ಯವನ್ನು ಸಮವರ್ತಿ ಪಟ್ಟಿಗೆ ತಂದಿತು; ಪರಿಸರವನ್ನೂ ವನ್ಯಜೀವಿಗಳನ್ನೂ ಕಾಪಾಡುವುದು ಪ್ರಭುತ್ವದ ಹೊಣೆಯೆಂದೂ ಪ್ರಜೆಯ ಕರ್ತವ್ಯವೆಂದೂ ಸಂವಿಧಾನದಲ್ಲಿ ಬರೆಯಿಸಿತು. ಕೇರಳದ ಸೈಲೆಂಟ್ ವ್ಯಾಲಿಯ ನಿತ್ಯಹರಿದ್ವರ್ಣ ಕಾಡಿನ ಮೇಲೆ ಜಲವಿದ್ಯುತ್ತಿನ ಕಣ್ಣು ಬಿದ್ದಾಗ ಆ ನಾಡಿನ ಶಿಕ್ಷಕರೂ ಕವಿಗಳೂ ವಿಜ್ಞಾನಿಗಳೂ ಒಂದಾಗಿ ನಿಂತರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮ ಉತ್ತರ ಕನ್ನಡದಲ್ಲಿ ಬೇಡ್ತಿ ನದಿಯ ಜಲವಿದ್ಯುತ್ ಯೋಜನೆಯ ವಿಚಾರವೆದ್ದು, ಶಿರಸಿ ಯಲ್ಲಾಪುರಗಳ ಅಡಿಕೆ ತೋಟಿಗರು ತಮ್ಮ ಕಣಿವೆಯ ಪರವಾಗಿ ಲೆಕ್ಕಪತ್ರಗಳನ್ನೇ ಆಯುಧವಾಗಿ ಹಿಡಿದು, ತಜ್ಞರನ್ನು ಕರೆಯಿಸಿ, ಯೋಜನೆಯ ಲಾಭನಷ್ಟಗಳನ್ನು ಸಾಲುಸಾಲಾಗಿ ಪರಿಶೀಲಿಸಿದರು. ಇಂದಿರಾ ಗಾಂಧಿಯವರ ಸರ್ಕಾರ 1980ರಲ್ಲಿ ಆ ಕಿರಿಯ ಕಾಯಿದೆಯನ್ನು ತಂದಾಗ ಅದು ಇಂಥ ಜನಾಭಿಪ್ರಾಯದ ನೆಲದ ಮೇಲೆಯೇ ನಿಂತಿದ್ದಿತು.

ಕಾಯಿದೆ ಬಂದ ಮಾತ್ರಕ್ಕೆ ಕಾಡು ಉಳಿಯಿತೆಂದಲ್ಲ. ಅದನ್ನು ಬಗ್ಗಿಸುವ ಉಪಾಯಗಳು ಬೇಗನೆ ಹುಟ್ಟಿಕೊಂಡವು. ಅವುಗಳಲ್ಲಿ ಒಂದರ ಕಥೆ ಕರ್ನಾಟಕದ್ದೇ ಆದುದರಿಂದ ಅದನ್ನು ಕೊಂಚ ವಿಸ್ತರಿಸಿ ಹೇಳಬೇಕು. 1984ರಲ್ಲಿ ಸರ್ಕಾರದ ನಿಗಮವೊಂದೂ ಹರಿಹರದ ಖಾಸಗಿ ಕಾರ್ಖಾನೆಯೊಂದೂ ಪಾಲುಗೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಸ್ಥಾಪಿಸಿದವು. ಸಿ ಮತ್ತು ಡಿ ದರ್ಜೆಯ ಜಮೀನುಗಳೆಂದು ಕಂದಾಯದ ಭಾಷೆಯಲ್ಲಿ ಕರೆಯಿಸಿಕೊಳ್ಳುತ್ತಿದ್ದ, ಹಳ್ಳಿಯ ದನಕರುಗಳು ಮೇಯುತ್ತಿದ್ದ, ಬಡವರು ಸೌದೆ ಸೊಪ್ಪುಗಳನ್ನು ತರುತ್ತಿದ್ದ ಸುಮಾರು 30,000 ಹೆಕ್ಟೇರ್ ನೆಲದಲ್ಲಿ ಕಾರ್ಖಾನೆಯ ತಿರುಳಿಗಾಗಿ ನೀಲಗಿರಿಯನ್ನು ಬೆಳೆಸುವುದೆಂದು ಯೋಜನೆಯಾಯಿತು. ಪಾಳುಭೂಮಿಗೆ ಹಸಿರು ಬರುತ್ತದೆ, ಉದ್ಯಮಕ್ಕೆ ಕಚ್ಚಾವಸ್ತು ದೊರೆಯುತ್ತದೆ ಎಂಬುದು ಅದರ ಸಮರ್ಥನೆ. ಆದರೆ ಆ ನೆಲ ಪಾಳಲ್ಲವೆಂಬುದನ್ನು ಅದರ ಮೇಲೆ ಬದುಕಿದವರು ಬಲ್ಲವರಾಗಿದ್ದರು. ಎಸ್. ಆರ್. ಹಿರೇಮಠರು ಕಟ್ಟಿದ ಸಮಾಜ ಪರಿವರ್ತನ ಸಮುದಾಯವು ಹಳ್ಳಿಹಳ್ಳಿಗೆ ಹೋಗಿ ಜನರನ್ನು ಸಂಘಟಿಸಿತು. ಎಂಬತ್ತನ್ನು ದಾಟಿದ ವಯಸ್ಸಿನಲ್ಲಿ ಶಿವರಾಮ ಕಾರಂತರು ಅರ್ಜಿದಾರರಾಗಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿದರು. ಸಾಹಿತಿಯೊಬ್ಬನು ತನ್ನ ಇಳಿವಯಸ್ಸನ್ನು ಹೀಗೆ ವಿನಿಯೋಗಿಸಿದ್ದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿಯೆಂದು ನಾನು ಭಾವಿಸುತ್ತೇನೆ. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಕುಸನೂರಿನಲ್ಲಿ ಸತ್ಯಾಗ್ರಹ ನಡೆಯಿತು. ಗ್ರಾಮಸ್ಥರು ನೀಲಗಿರಿಯ ಸಸಿಗಳನ್ನು ಕಿತ್ತು, ಆ ಗುಳಿಗಳ ಬಳಿಯಲ್ಲಿಯೇ ತಮಗೆ ಉಪಯೋಗಕ್ಕೆ ಬರುವ ಮರಗಳ ಸಸಿಗಳನ್ನು ನೆಟ್ಟರು. ಕಿತ್ತಿಕೋ ಹಚ್ಚಿಕೋ ಎಂದು ಜನ ಅದಕ್ಕಿಟ್ಟ ಹೆಸರು ಆ ಸೀಮೆಯ ಆಡುಮಾತಿನಿಂದಲೇ ಬಂದದ್ದು. ಕೆಡವುವುದಷ್ಟೇ ತಮ್ಮ ಉದ್ದೇಶವಲ್ಲವೆಂಬುದನ್ನು ಕೃತಿಯಲ್ಲಿಯೇ ತೋರಿಸಿದ ಚಳವಳಿ ಅದು. ಮರುವರ್ಷ, ಎಂದರೆ 1988ರಲ್ಲಿ, ಸಂಸತ್ತು ಅರಣ್ಯ ಸಂರಕ್ಷಣಾ ಕಾಯಿದೆಯನ್ನು ಇನ್ನಷ್ಟು ಬಿಗಿಗೊಳಿಸಿ, ಅರಣ್ಯಭೂಮಿಯನ್ನು ಖಾಸಗಿ ವ್ಯಕ್ತಿಗಳಿಗಾಗಲಿ ಸಂಸ್ಥೆಗಳಿಗಾಗಲಿ ಗುತ್ತಿಗೆಗೆ ಕೊಡುವುದಕ್ಕೂ ಪೂರ್ವಾನುಮತಿ ಬೇಕೆಂದು ವಿಧಿಸಿತು. ಕೆಲವೇ ವರ್ಷಗಳಲ್ಲಿ ಆ ಕಂಪನಿಯೂ ಮುಚ್ಚಿಹೋಯಿತು.

ಕಾಯಿದೆಗೆ ನಿಜವಾದ ವಿಸ್ತಾರವನ್ನು ಕೊಟ್ಟದ್ದು ಸಂಸತ್ತಲ್ಲ, ನ್ಯಾಯಾಲಯ. ನಿಲಂಬೂರು ಕೋವಿಲಕಂ ಎಂಬ ಮಲಬಾರಿನ ಹಳೆಯ ರಾಜಮನೆತನಕ್ಕೆ ಸೇರಿದ ಟಿ. ಎನ್. ಗೋದಾವರ್ಮನ್ ತಿರುಮುಲ್ಪಾಡರು, ತಮ್ಮ ವಂಶದ ಒಡೆತನದಲ್ಲಿದ್ದು ಅನಂತರ ಸರ್ಕಾರದ ವಶಕ್ಕೆ ಹೋದ ನೀಲಗಿರಿ ಜಿಲ್ಲೆಯ ಗೂಡಲೂರಿನ ಕಾಡುಗಳಲ್ಲಿ ಮರಗಳು ಎಗ್ಗಿಲ್ಲದೆ ಬೀಳುತ್ತಿರುವುದನ್ನು ಸಹಿಸಲಾರದೆ, 1995ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಕಾಡು ತಮ್ಮ ಕೈಬಿಟ್ಟು ಹೋದ ಮೇಲೆ ಅದರ ಗತಿ ಏನಾದರೆ ತಮಗೇನೆಂದು ಅವರು ಸುಮ್ಮನೆ ಕೂರಬಹುದಾಗಿತ್ತು. ಕೂರಲಿಲ್ಲ. 1996ರ ಡಿಸೆಂಬರ್ 12ರಂದು ನ್ಯಾಯಮೂರ್ತಿಗಳಾದ ಜೆ. ಎಸ್. ವರ್ಮ ಮತ್ತು ಬಿ. ಎನ್. ಕಿರ್ಪಾಲರು ಆ ಅರ್ಜಿಯ ಮೇಲೆ ಕೊಟ್ಟ ಆಜ್ಞೆ ಗೂಡಲೂರಿನ ಎಲ್ಲೆಯನ್ನು ದಾಟಿ ಸಮಗ್ರ ಭಾರತಕ್ಕೆ ವ್ಯಾಪಿಸಿತು. ಅರಣ್ಯವೆಂದರೆ ಅಧಿಸೂಚನೆಯಾದ ಮೀಸಲು ಕಾಡು ಮಾತ್ರವಲ್ಲ, ನಿಘಂಟಿನ ಅರ್ಥದಲ್ಲಿ ಕಾಡೆನಿಸುವುದೆಲ್ಲವೂ ಅರಣ್ಯವೇ. ಒಡೆತನ ಯಾರದ್ದೇ ಇರಲಿ, ಸರ್ಕಾರದ ದಾಖಲೆಯಲ್ಲಿ ಅರಣ್ಯವೆಂದು ನಮೂದಾದ ನೆಲಕ್ಕೂ ಈ ಕಾಯಿದೆ ಅನ್ವಯಿಸುತ್ತದೆ. ಕೇಂದ್ರದ ಅನುಮತಿಯಿಲ್ಲದೆ ಅರಣ್ಯದಲ್ಲಿ ನಡೆಯುತ್ತಿರುವ ಎಲ್ಲ ಅರಣ್ಯೇತರ ಕಾರ್ಯಗಳೂ ತತ್‌ಕ್ಷಣವೇ ನಿಲ್ಲತಕ್ಕದ್ದು. ಪ್ರತಿಯೊಂದು ರಾಜ್ಯವೂ ಪರಿಣತರ ಸಮಿತಿಯನ್ನು ನೇಮಿಸಿ ಇಂಥ ಕಾಡುಗಳನ್ನು ಗುರುತಿಸತಕ್ಕದ್ದು. ಒಂದು ದಿನದ ಆಜ್ಞೆಯಿಂದ ದೇಶದ ಎಷ್ಟೋ ಗರಗಸದ ಕಾರ್ಖಾನೆಗಳು ಸ್ತಬ್ಧವಾದವು. ಈಶಾನ್ಯದಿಂದ ಮರಮುಟ್ಟನ್ನು ಹೊತ್ತು ಬರುತ್ತಿದ್ದ ಸಾಗಣೆ ನಿಂತಿತು.

ಕನ್ನಡನಾಡಿನಲ್ಲಿ ಈ ಆಜ್ಞೆಯ ಫಲವನ್ನು ಎರಡು ಕಡೆ ಸ್ಪಷ್ಟವಾಗಿ ಕಾಣಬಹುದು. ಭದ್ರೆಯ ಉಗಮದ ನೆರೆಯಲ್ಲಿ, ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕಾಡಿನ ನಡುವೆ ಕಬ್ಬಿಣದ ಅದಿರನ್ನು ತೆಗೆಯುತ್ತಿದ್ದ ಕುದುರೆಮುಖದ ಗಣಿಯ ವಿಚಾರವು ಗೋದಾವರ್ಮನ್ ಮೊಕದ್ದಮೆಯ ಒಂದು ಶಾಖೆಯಾಗಿಯೇ ನ್ಯಾಯಾಲಯದ ಮುಂದೆ ಬಂದಿತು. ವನ್ಯಜೀವಿಗಳಿಗಾಗಿ ತಮ್ಮ ಆಯುಷ್ಯವನ್ನೇ ಸವೆಸಿದ ಕೆ. ಎಂ. ಚಿಣ್ಣಪ್ಪನವರ ಹೆಸರಿನಿಂದ ಪ್ರಸಿದ್ಧವಾದ ಆ ವ್ಯಾಜ್ಯದಲ್ಲಿ 2002ರ ಅಕ್ಟೋಬರ್ 30ರಂದು ತೀರ್ಪಾಗಿ, 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಎರಡನೆಯದು ಬಳ್ಳಾರಿ. ನೀಲಗಿರಿಯ ಸಸಿಗಳನ್ನು ಕಿತ್ತ ಅದೇ ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ, ಸಂಡೂರಿನ ಗುಡ್ಡಗಳನ್ನು ಕರಗಿಸಿ ಕೆಂಪು ಧೂಳಾಗಿಸಿದ ಗಣಿಗಾರಿಕೆಗೆ 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ತಡೆ ಹಾಕಿತು. ಈ ಎರಡು ಪ್ರಸಂಗಗಳನ್ನೂ ಎತ್ತಿ ಹೇಳುವುದಕ್ಕೆ ಕಾರಣವಿದೆ: ಎರಡರಲ್ಲಿಯೂ ಪ್ರಜೆಗಳಿಗೆ ನ್ಯಾಯಾಲಯದ ಬಾಗಿಲನ್ನು ತೆರೆದ ಶಾಸನಗಳಲ್ಲಿ ಆ ಐದು ಪ್ರಕರಣಗಳ ಕಾಯಿದೆಯೂ ಒಂದು.

ಆದರೆ ಇದೇ ಆಜ್ಞೆ ಮಲೆನಾಡಿನ ರೈತನ ಎದೆಯಲ್ಲಿ ಭಯವನ್ನೂ ಬಿತ್ತಿತೆಂಬುದನ್ನು ಮುಚ್ಚಿಡುವುದು ಸಲ್ಲದು. ನಮ್ಮಲ್ಲಿ ಕಾಡಿಗೂ ಊರಿಗೂ ನಡುವೆ ಗೆರೆ ಎಳೆದಂತೆ ಗಡಿಯಿಲ್ಲ. ಉತ್ತರ ಕನ್ನಡದ ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟ ಬೇಕು. ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಕೊಡಗಿನಲ್ಲಿ ಬಾಣೆ, ಸೊರಬ ಸಾಗರಗಳಲ್ಲಿ ಕಾನು, ಬಯಲುಸೀಮೆಯಲ್ಲಿ ಗೋಮಾಳ, ಹೀಗೆ ಜನರೂ ಮರವೂ ಒಂದನ್ನೊಂದು ಆಶ್ರಯಿಸಿಕೊಂಡ ನೆಲಗಳು ಹತ್ತಾರು ಹೆಸರಿನಲ್ಲಿವೆ. 1996ರ ಆಜ್ಞೆಯ ಪ್ರಕಾರ ನೇಮಕವಾದ ಪರಿಣತ ಸಮಿತಿಯು ರಾಜ್ಯದಲ್ಲಿ 9.94 ಲಕ್ಷ ಹೆಕ್ಟೇರಿನಷ್ಟನ್ನು ಡೀಮ್ಡ್ ಅರಣ್ಯವೆಂದು, ಎಂದರೆ ಅಧಿಸೂಚನೆಯಿಲ್ಲದಿದ್ದರೂ ಅರಣ್ಯವೆಂದು ಪರಿಗಣಿಸತಕ್ಕ ನೆಲವೆಂದು, ಪಟ್ಟಿಮಾಡಿತು. ಆ ಪಟ್ಟಿಯಲ್ಲಿ ದಟ್ಟವಾದ ಕಾನುಗಳೂ ಇದ್ದವು. ಮರವೇ ಇಲ್ಲದ ನೆಲವೂ, ತಲೆತಲಾಂತರದಿಂದ ಉತ್ತು ಬಂದ ಹೊಲವೂ, ಮನೆಮಠಗಳೆದ್ದ ಜಾಗವೂ ಸೇರಿಹೋಗಿದ್ದವು. ಬಗರ್‌ಹುಕುಂ ಅರ್ಜಿ ಹಾಕಿಕೊಂಡು ಹಕ್ಕುಪತ್ರಕ್ಕಾಗಿ ಕಾದು ಕೂತ ಸಣ್ಣ ಹಿಡುವಳಿದಾರನಿಗೆ ಡೀಮ್ಡ್ ಎಂಬ ಆ ಶಬ್ದವೇ ಶಾಪವಾಯಿತು. ದೀರ್ಘ ಕಾಲದ ಒತ್ತಾಯದ ಫಲವಾಗಿ ರಾಜ್ಯ ಸರ್ಕಾರವು 2022ರಲ್ಲಿ ಪಟ್ಟಿಯನ್ನು ಪರಿಷ್ಕರಿಸಿ 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಬಿಟ್ಟುಹೋದ ಸುಮಾರು 6.64 ಲಕ್ಷ ಹೆಕ್ಟೇರಿನಲ್ಲಿ ರೈತನಿಗೆ ನ್ಯಾಯವಾಗಿ ಸಲ್ಲಬೇಕಾದುದೆಷ್ಟು, ಕಾಡಾಗಿಯೇ ಉಳಿಯಬೇಕಾಗಿದ್ದುದೆಷ್ಟು ಎಂಬುದನ್ನು ಸರ್ವೆ ನಂಬರು ಸರ್ವೆ ನಂಬರಾಗಿ ಜನರ ಮುಂದಿಟ್ಟು ಚರ್ಚಿಸಿದ್ದರೆ ಎಷ್ಟು ಚೆನ್ನಾಗಿತ್ತು! ನನ್ನ ಅಭಿಪ್ರಾಯದಲ್ಲಿ ಇಲ್ಲಿನ ದೋಷವು ಕಾಯಿದೆಯದ್ದಲ್ಲ. ನೆಲವನ್ನು ನೋಡದೆ, ಅಲ್ಲಿ ವಾಸಿಸುವವರನ್ನು ಕೇಳದೆ, ಕಡತಗಳಿಂದಲೇ ಪಟ್ಟಿ ತಯಾರಿಸಿದ ಆಡಳಿತದ ಆಲಸ್ಯದ್ದು. ಆದರೆ ರೈತನ ಈ ನಿಜವಾದ ಕಷ್ಟವೇ ಮುಂದೆ ಕಾಯಿದೆಯನ್ನು ಸಡಿಲಿಸುವವರಿಗೆ ಒಂದು ಒಳ್ಳೆಯ ಕಾರಣವಾಗಿ ಒದಗಿಬಂದಿತು.

ಸಡಿಲಿಸುವ ಯತ್ನಗಳು ಹಂತಹಂತವಾಗಿ ಬಂದವು. 2014ರಲ್ಲಿ ಟಿ. ಎಸ್. ಆರ್. ಸುಬ್ರಮಣಿಯನ್ನರ ಅಧ್ಯಕ್ಷತೆಯಲ್ಲಿ ಪರಿಸರ ಕಾಯಿದೆಗಳ ಪುನರ್ವಿಮರ್ಶೆಗಾಗಿ ಕೇಂದ್ರವು ನೇಮಿಸಿದ ಸಮಿತಿಯ ವರದಿಯನ್ನು ಸಂಸತ್ತಿನ ಸ್ಥಾಯೀ ಸಮಿತಿ ಒಪ್ಪಲಿಲ್ಲ. 2021ರ ಅಕ್ಟೋಬರಿನಲ್ಲಿ ತಿದ್ದುಪಡಿಯ ರೂಪರೇಖೆಯ ಪತ್ರವೊಂದು ಹೊರಬಿತ್ತು. 2022ರ ಜೂನ್ ತಿಂಗಳ ಹೊಸ ನಿಯಮಗಳು ಸದ್ದಿಲ್ಲದೆ ಇನ್ನೊಂದು ಮಾರ್ಪಾಡನ್ನು ಮಾಡಿದವು. ಅದಕ್ಕೆ ಮುಂಚೆ ಕಾಡನ್ನು ಅನ್ಯ ಕಾರ್ಯಕ್ಕೆ ಕೊಡುವುದಕ್ಕೆ ಕೇಂದ್ರದ ಅನುಮತಿ ದೊರೆಯಬೇಕಾದರೆ, 2006ರ ಅರಣ್ಯ ಹಕ್ಕು ಕಾಯಿದೆಯಂತೆ ಅಲ್ಲಿಯ ಬುಡಕಟ್ಟು ಜನರ ಹಕ್ಕುಗಳು ಇತ್ಯರ್ಥವಾಗಿ ಗ್ರಾಮಸಭೆಯ ಸಮ್ಮತಿಯೂ ಮೊದಲೇ ದೊರೆತಿರಬೇಕಾಗಿತ್ತು. ಒಡಿಶಾದ ನಿಯಮಗಿರಿಯಲ್ಲಿ ಡೊಂಗರಿಯಾ ಕಂಧರ ಹನ್ನೆರಡು ಗ್ರಾಮಸಭೆಗಳು 2013ರಲ್ಲಿ ಬಾಕ್ಸೈಟ್ ಗಣಿಯನ್ನು ಬೇಡವೆಂದು ಒಮ್ಮತದಿಂದ ನಿರಾಕರಿಸಿದ್ದು ಈ ಸಮ್ಮತಿಯ ಬಲವನ್ನು ದೇಶಕ್ಕೆಲ್ಲ ತೋರಿಸಿದ್ದಿತು. ಹೊಸ ನಿಯಮಗಳು ಈ ಕೆಲಸವನ್ನು ಕೇಂದ್ರದ ಒಪ್ಪಿಗೆಯ ಅನಂತರದ ಹಂತಕ್ಕೆ, ರಾಜ್ಯದ ಹೊಣೆಗೆ ತಳ್ಳಿದವು. ಎಲ್ಲ ಗೊತ್ತುಪಾಡಾದ ಮೇಲೆ ಕೇಳುವ ಸಮ್ಮತಿಗೆ ಎಷ್ಟು ಬೆಲೆಯಿದ್ದೀತು?

ಇದಾದ ಮೇಲೆ 2023ರ ಮಾರ್ಚ್ 29ರಂದು ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡಿತವಾಯಿತು. ಅದರ ಪೀಠಿಕೆಯನ್ನು ಓದಿದವರಿಗೆ ಅದು ಕಾಡನ್ನು ಬೆಳೆಸುವುದಕ್ಕೇ ಹುಟ್ಟಿದ ಮಸೂದೆಯೆಂದು ತೋರೀತು: 2070ರ ವೇಳೆಗೆ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ ತರುವ ಸಂಕಲ್ಪ, ದೇಶದ ಭೂಭಾಗದ ಮೂರನೆಯ ಒಂದು ಪಾಲಿಗೆ ಹಸಿರನ್ನು ವಿಸ್ತರಿಸುವ ಗುರಿ, ಎಲ್ಲವೂ ಅಲ್ಲಿ ಉಕ್ತವಾಗಿವೆ. ಒಳಗಿನ ಪ್ರಕರಣಗಳ ಮಾತು ಬೇರೆ. ಯಾವುದಾದರೊಂದು ಕಾಯಿದೆಯ ಪ್ರಕಾರ ಅರಣ್ಯವೆಂದು ಅಧಿಸೂಚಿತವಾದ ನೆಲಕ್ಕೂ, 1980ರ ಅಕ್ಟೋಬರ್ 25ರಂದಾಗಲಿ ತದನಂತರವಾಗಲಿ ಸರ್ಕಾರದ ದಾಖಲೆಯಲ್ಲಿ ಅರಣ್ಯವೆಂದು ನಮೂದಾದ ನೆಲಕ್ಕೂ ಮಾತ್ರ ಕಾಯಿದೆ ಅನ್ವಯಿಸುವುದೆಂದಾಯಿತು. ಎರಡನೆಯ ಬಗೆಯ ನೆಲದಲ್ಲಿಯೂ 1996ರ ಡಿಸೆಂಬರ್ 12ರಂದಾಗಲಿ ಅದಕ್ಕೆ ಮುಂಚೆಯಾಗಲಿ ಸರ್ಕಾರಿ ಆಜ್ಞೆಯಿಂದ ಅರಣ್ಯೇತರ ಬಳಕೆಗೆ ಹೋದದ್ದು ಹೊರಗುಳಿಯಿತು. ಗೋದಾವರ್ಮನ್ ಆಜ್ಞೆಯು ಕಟ್ಟಿದ ವಿಶಾಲವಾದ ಆವರಣವನ್ನು ಹೀಗೆ ದಾಖಲೆಯ ಅಳತೆಗೆ ಕುಗ್ಗಿಸಲಾಯಿತು. ಅಂತರರಾಷ್ಟ್ರೀಯ ಗಡಿಯಿಂದ 100 ಕಿಲೋಮೀಟರಿನ ಒಳಗೆ ರಾಷ್ಟ್ರರಕ್ಷಣೆಗೆ ಮಹತ್ವವುಳ್ಳ ರಸ್ತೆ, ರೈಲು ಮೊದಲಾದ ಯೋಜನೆಗಳಿಗೂ, ಭದ್ರತೆಯ ಕಟ್ಟಡಗಳಿಗಾಗಿ 10 ಹೆಕ್ಟೇರಿನವರೆಗಿನ ನೆಲಕ್ಕೂ, ನಕ್ಸಲ್ ಪೀಡಿತ ಪ್ರದೇಶಗಳಲ್ಲಿ ಸಾರ್ವಜನಿಕ ಸೌಕರ್ಯಗಳಿಗಾಗಿ 5 ಹೆಕ್ಟೇರಿನವರೆಗಿನ ನೆಲಕ್ಕೂ ವಿನಾಯಿತಿ ದೊರೆಯಿತು. ಸರ್ಕಾರಿ ಮೃಗಾಲಯ, ಸಫಾರಿ, ಪರಿಸರ ಪ್ರವಾಸದ ಸೌಕರ್ಯಗಳು ಅರಣ್ಯೇತರ ಕಾರ್ಯಗಳಲ್ಲವೆಂದು ಪರಿಗಣಿತವಾದವು. ಕಾಯಿದೆಯ ಹೆಸರನ್ನೂ ಹಿಂದಿಗೆ ಬದಲಿಸಲಾಯಿತು.

ಸರ್ಕಾರದ ಪಕ್ಷದ ವಾದವನ್ನೂ ನ್ಯಾಯವಾಗಿ ಹೇಳಬೇಕು. ಗಡಿಯಲ್ಲಿ ರಸ್ತೆಗಳು ಬೇಗನೆ ಆಗಬೇಕು. ಹಿಂದುಳಿದ ಕಾಡಿನ ಹಳ್ಳಿಗಳಿಗೆ ಶಾಲೆ ಆಸ್ಪತ್ರೆಗಳು ತಲುಪಬೇಕು. ತಮ್ಮ ಸ್ವಂತ ಜಮೀನಿನಲ್ಲಿ ಮರ ಬೆಳೆಸಿದರೆ ಅದು ಅರಣ್ಯವಾಗಿಬಿಡುವುದೆಂಬ ಹೆದರಿಕೆಯಿಂದ ಜನ ಮರವನ್ನೇ ನೆಡದಂತಾಗಬಾರದು. ಈ ಉದ್ದೇಶಗಳಲ್ಲಿ ಯಾವುದೂ ಹೀನವಾದುದಲ್ಲ. ಆದರೆ ರಸ್ತೆ ಬೇಡವೆಂದು ಹಳೆಯ ಕಾಯಿದೆ ಎಂದೂ ಹೇಳಿರಲಿಲ್ಲ. ಅದು ಕೇಳಿದ್ದು ಯಾವ ಮಾರ್ಗದಲ್ಲಿ ಹೋದರೆ ಕಾಡಿಗೆ ಹಾನಿ ಕಡಿಮೆಯೆಂಬುದನ್ನು. ಭೂಕುಸಿತಗಳಿಂದ ಜರ್ಜರಿತವಾದ ಹಿಮಾಲಯದ ಇಳಿಜಾರುಗಳಲ್ಲಿ ಆ ಪ್ರಶ್ನೆಯನ್ನು ಕೇಳುವುದೇ ಬೇಡವೆಂದರೆ ರಕ್ಷಣೆಗಾಗಿ ಮಾಡಿದ ರಸ್ತೆ ಮಳೆಗಾಲಕ್ಕೆ ನಿಲ್ಲುವುದಾದರೂ ಹೇಗೆ? 100 ಕಿಲೋಮೀಟರೆಂಬ ಅಳತೆಯನ್ನು ಭೂಪಟದ ಮೇಲೆ ಇಟ್ಟು ನೋಡಿದರೆ ಮಿಜೋರಾಂ, ಸಿಕ್ಕಿಂನಂಥ ರಾಜ್ಯಗಳು ಹೆಚ್ಚುಕಡಿಮೆ ಇಡಿಯಾಗಿ ಅದರೊಳಗೆ ಬೀಳುತ್ತವೆ.

ಮಸೂದೆಯನ್ನು ಪರಿಶೀಲಿಸಿದ ರೀತಿಯೂ ವಿವಾದಕ್ಕೆ ಎಡೆಯಾಯಿತು. ಅರಣ್ಯ ವಿಷಯಕ್ಕೆ ಸಂಬಂಧಪಟ್ಟ ಸ್ಥಾಯೀ ಸಮಿತಿಯೊಂದು ಇರುವಾಗ, ಅದನ್ನು ಬಿಟ್ಟು ರಾಜೇಂದ್ರ ಅಗರವಾಲರ ಅಧ್ಯಕ್ಷತೆಯ 31 ಸದಸ್ಯರ ಜಂಟಿ ಸಮಿತಿಗೆ ಮಸೂದೆಯನ್ನು ಒಪ್ಪಿಸಲಾಯಿತು. ಸ್ಥಾಯೀ ಸಮಿತಿಯ ಅಧ್ಯಕ್ಷರಾಗಿದ್ದ ಜೈರಾಂ ರಮೇಶರು ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಜಂಟಿ ಸಮಿತಿಗೆ ದೇಶದ ನಾನಾ ಕಡೆಗಳಿಂದ ಸಾವಿರಕ್ಕೂ ಮೀರಿದ ಮನವಿಗಳು ಬಂದವು. ವನವಾಸಿಗಳ ಸಂಘಟನೆಗಳೂ ವಿಜ್ಞಾನಿಗಳೂ ಕಾನೂನುತಜ್ಞರೂ ತಮ್ಮ ತಮ್ಮ ಭಾಷೆಯಲ್ಲಿ ಹೇಳಿದ್ದು ಒಂದೇ ಮಾತು, ಈ ತಿದ್ದುಪಡಿಯಿಂದ ಕಾಡಿನ ಕಾವಲು ಸಡಿಲವಾಗುತ್ತದೆಯೆಂಬುದು. ಜುಲೈ 18ರಂದು ನಾನೂರಕ್ಕೂ ಹೆಚ್ಚು ಮಂದಿ ಪರಿಸರ ವಿಜ್ಞಾನಿಗಳು ಮತ್ತು ಪ್ರಜ್ಞಾವಂತರು ಪರಿಸರ ಸಚಿವರಿಗೂ ಸಂಸದರಿಗೂ ಪತ್ರ ಬರೆದು ಮಸೂದೆಯನ್ನು ಅಂಗೀಕಾರಕ್ಕೆ ತರಬಾರದೆಂದು ಪ್ರಾರ್ಥಿಸಿದರು. ಅದಾದ ಎರಡು ದಿನಗಳಿಗೆ ಸಮಿತಿಯ ವರದಿ ಬಂದಿತು. ಕೆಲವು ಸದಸ್ಯರು ಭಿನ್ನಾಭಿಪ್ರಾಯವನ್ನು ಬರೆದಿಟ್ಟರೂ ಮಸೂದೆಯಲ್ಲಿ ಒಂದು ಅಕ್ಷರವನ್ನೂ ತಿದ್ದಬೇಕೆಂದು ಸಮಿತಿ ಸೂಚಿಸಲಿಲ್ಲ. ಮಣಿಪುರದ ಹಿಂಸಾಚಾರದ ಕುರಿತ ಗದ್ದಲದ ನಡುವೆ ಜುಲೈ 26ರಂದು ಲೋಕಸಭೆಯೂ ಆಗಸ್ಟ್ 2ರಂದು ರಾಜ್ಯಸಭೆಯೂ ಅದನ್ನು ಅಂಗೀಕರಿಸಿದವು. ಆಗಸ್ಟ್ 4ರಂದು ರಾಷ್ಟ್ರಪತಿಗಳ ಅಂಕಿತವಾಯಿತು. ಸಾವಿರ ಮನವಿಗಳಲ್ಲಿ ಒಂದಾದರೂ ಒಂದು ಪದವನ್ನು ಕದಲಿಸಲಿಲ್ಲವೆಂಬುದು ನನ್ನನ್ನು ಇಂದಿಗೂ ನೋಯಿಸುವ ಸಂಗತಿ. ಬಹುಮತವಿದ್ದ ಸರ್ಕಾರಕ್ಕೆ ಮಸೂದೆಯನ್ನು ಅಂಗೀಕರಿಸಿಕೊಳ್ಳುವ ಅಧಿಕಾರವಿದ್ದಿತು. ಆದರೆ ಕೇಳಿಸಿಕೊಳ್ಳುವ ಕರ್ತವ್ಯದಿಂದ ಬಹುಮತವು ಯಾರನ್ನೂ ಮುಕ್ತಗೊಳಿಸುವುದಿಲ್ಲ.

ಅಂಕಿತವಾದ ಮೇಲೂ ವಿರೋಧ ಅಡಗಲಿಲ್ಲ. ಆಗಸ್ಟ್ 22ರಂದು ಮಿಜೋರಾಂ ವಿಧಾನಸಭೆಯು ಪಕ್ಷಭೇದವಿಲ್ಲದೆ, ಈ ತಿದ್ದುಪಡಿಯನ್ನು ವಿರೋಧಿಸುವ ನಿರ್ಣಯವನ್ನು ಕೈಗೊಂಡಿತು. ಊರಿನವರೇ ಒಡೆಯರಾಗಿ ಕಾಯ್ದುಕೊಂಡು ಬಂದ ಕಾಡುಗಳುಳ್ಳ ಆ ಪುಟ್ಟ ರಾಜ್ಯದ ಮಾತಿಗೆ ದೆಹಲಿಯಲ್ಲಿ ಎಷ್ಟು ಕಿವಿಗಳಿದ್ದವೋ ನಾನರಿಯೆ; ಆದರೆ ಅದು ಆಡಿದ್ದು ಯೋಗ್ಯವಾದ ಮಾತು. ಇನ್ನೊಂದು ಕಡೆ, ಅರಣ್ಯ ಇಲಾಖೆಯಲ್ಲಿಯೇ ಜೀವಮಾನವೆಲ್ಲ ದುಡಿದು ನಿವೃತ್ತರಾಗಿದ್ದ ಅಧಿಕಾರಿಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅಶೋಕ್ ಕುಮಾರ್ ಶರ್ಮ ಮತ್ತಿತರರ ಆ ಅರ್ಜಿಯ ಮುಖ್ಯ ಆಧಾರ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ಅಂಕಿಅಂಶಗಳೇ: ದೇಶದ ಅರಣ್ಯಾವರಣದಲ್ಲಿ ಸುಮಾರು 1.97 ಲಕ್ಷ ಚದರ ಕಿಲೋಮೀಟರಿನಷ್ಟು ಭಾಗ ದಾಖಲಾದ ಅರಣ್ಯದ ಹೊರಗಿದೆ. ಅದರಲ್ಲಿ ತೋಟಗಳೂ ನೆಡುತೋಪುಗಳೂ ಸೇರಿವೆಯೆಂಬ ಪ್ರತಿವಾದ ಸುಳ್ಳಲ್ಲ; ಎಷ್ಟು ತೋಟ, ಎಷ್ಟು ಕಾಡು ಎಂಬುದನ್ನು ಮೊದಲು ಗುರುತಿಸಿ ಅನಂತರ ಕಾಯಿದೆಯನ್ನು ತಿದ್ದಬೇಕಾಗಿತ್ತೆಂಬುದೇ ಅರ್ಜಿದಾರರ ಅಳಲು. ಪರಿಣತ ಸಮಿತಿಗಳು ಗುರುತಿಸಿದ ಕಾಡುಗಳೆಲ್ಲ ಕಾಯಿದೆಯ ರಕ್ಷಣೆಯಲ್ಲಿಯೇ ಇರುವುವೆಂದು ಕೇಂದ್ರದ ಪರಿಸರ ಸಚಿವಾಲಯವು ಜಂಟಿ ಸಮಿತಿಗೆ ಭರವಸೆ ಕೊಟ್ಟಿದ್ದಿತು. ಆದರೆ 1996ರ ಆಜ್ಞೆಗೆ ಕಾಲು ಶತಮಾನ ಸಂದರೂ ಎಷ್ಟೋ ರಾಜ್ಯಗಳು ಆ ಗುರುತಿಸುವ ಕೆಲಸವನ್ನೇ ನೆಟ್ಟಗೆ ಮಾಡಿರಲಿಲ್ಲ. ಮಾಡದ ಪಟ್ಟಿಯಲ್ಲಿ ಇಲ್ಲದ ಕಾಡನ್ನು ಯಾವ ಭರವಸೆ ಕಾಪಾಡೀತು?

2024ರ ಫೆಬ್ರುವರಿ 19ರಂದು ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರ ಪೀಠವು ಮಧ್ಯಂತರ ಆಜ್ಞೆಯನ್ನು ಹೊರಡಿಸಿತು. ತಿದ್ದುಪಡಿಯಾದ ಕಾಯಿದೆಯ ಕೆಳಗೆ ಮಾಡಿದ ನಿಯಮಗಳಂತೆ ರಾಜ್ಯಗಳು ಅರಣ್ಯಭೂಮಿಯ ಏಕೀಕೃತ ದಾಖಲೆಯನ್ನು ಸಿದ್ಧಪಡಿಸಿ ಮುಗಿಸುವವರೆಗೂ 1996ರಲ್ಲಿ ಹೇಳಿದ ನಿಘಂಟಿನ ಅರ್ಥವೇ ನಡೆಯತಕ್ಕದ್ದು. ನ್ಯಾಯಾಲಯದ ಒಪ್ಪಿಗೆಯಿಲ್ಲದೆ ಸಂರಕ್ಷಿತ ಪ್ರದೇಶಗಳ ಹೊರಗಿನ ಕಾಡುಗಳಲ್ಲಿ ಮೃಗಾಲಯ, ಸಫಾರಿಗಳನ್ನು ಸ್ಥಾಪಿಸಕೂಡದು. ಮರುವರ್ಷದ ಫೆಬ್ರುವರಿಯಲ್ಲಿ ಇನ್ನೊಂದು ಆಜ್ಞೆ ಬಂದು, ಬದಲಿ ಭೂಮಿಯನ್ನು ಕೊಡದೆ ಅರಣ್ಯವನ್ನು ಕಡಿಮೆ ಮಾಡುವ ಯಾವ ಹೆಜ್ಜೆಯನ್ನೂ ಕೇಂದ್ರವಾಗಲಿ ರಾಜ್ಯಗಳಾಗಲಿ ಇಡಬಾರದೆಂದು ತಡೆಯಿತು. ಮಾರ್ಚ್ ತಿಂಗಳಲ್ಲಿ, ಪರಿಣತ ಸಮಿತಿಗಳನ್ನು ಬೇಗನೆ ರಚಿಸಿ ಗುರುತಿಸುವ ಕಾರ್ಯವನ್ನು ಪೂರೈಸಬೇಕೆಂದು ರಾಜ್ಯಗಳಿಗೆ ಗಡುವನ್ನೂ ವಿಧಿಸಿತು.

ಆದುದರಿಂದ ಗೋದಾವರ್ಮನ್ನರು ಎತ್ತಿದ ಪ್ರಶ್ನೆ ದೆಹಲಿಯಿಂದ ಹೊರಟು ತಾಲ್ಲೂಕು ಕಚೇರಿಗಳ ಕಡತಗಳಿಗೆ ಬಂದು ನಿಂತಿದೆ. ಕಾಯಿದೆಯ ಕಣ್ಣಿಗೆ ಕಾಡು ಕಾಣಬೇಕಾದರೆ ಅದು ಪಟ್ಟಿಯಲ್ಲಿ ಇರಬೇಕು. ಪಟ್ಟಿಯನ್ನು ಬರೆಯುವವರು ನಮ್ಮ ರಾಜ್ಯದವರೇ, ನಮ್ಮ ಜಿಲ್ಲೆಯವರೇ. ಓದುಗರಲ್ಲಿ ನನ್ನ ವಿನಂತಿ ಇದು: ನಿಮ್ಮ ಊರಿನ ಕಾನು, ದೇವರಕಾಡು, ಸೊಪ್ಪಿನಬೆಟ್ಟ, ಕಾವಲು ಯಾವ ಸರ್ವೆ ನಂಬರಿನಲ್ಲಿವೆ, ಪಹಣಿಯಲ್ಲಿ ಏನೆಂದು ನಮೂದಾಗಿವೆ, ಡೀಮ್ಡ್ ಅರಣ್ಯದ ಪಟ್ಟಿಯಲ್ಲಿ ಉಳಿದಿವೆಯೋ ಬಿಟ್ಟುಹೋಗಿವೆಯೋ ಎಂಬುದನ್ನು ತಹಶೀಲ್ದಾರರ ಕಚೇರಿಯಲ್ಲಿಯೂ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿಯೂ ವಿಚಾರಿಸಿ ತಿಳಿದುಕೊಳ್ಳಿ. ಬಿಟ್ಟುಹೋಗಿದ್ದರೆ ಗ್ರಾಮಸಭೆಯಲ್ಲಿ ವಿಷಯವನ್ನೆತ್ತಿ ನಿರ್ಣಯ ಮಾಡಿಸಿ. ಉಳುವವನ ಹೊಲ ತಪ್ಪಾಗಿ ಸೇರಿದ್ದರೆ ಅದನ್ನೂ ಅದೇ ಸಭೆಯಲ್ಲಿ ಹೇಳಿ. ಹೇಳಿದ್ದನ್ನು ಬರೆಹದಲ್ಲಿ ಕೊಟ್ಟು, ಅದಕ್ಕೆ ಕಚೇರಿಯ ಸ್ವೀಕೃತಿಯನ್ನು ಪಡೆದು ಇಟ್ಟುಕೊಳ್ಳಿ.